ಪಾರಿಜಾತದ ಕಡ್ಡಿ ಕೊಳೆಯುವುದು ಯಾಕೆ?

ಇಲ್ಲಿ ಗೋವಾದ ವಾಸ್ಕೋದಲ್ಲಿ ನಮ್ಮ ಕನ್ನಡದವರ ಮನೆಗಳಲ್ಲಿ ಈ ಮಾತು ಆಗಾಗ ಬರುತ್ತದೆ: ಊರಿಂದ ಪಾರಿಜಾತದ ಕಡ್ಡಿ ತಂದೆವು, ದಿನಾ ನೀರು ಹಾಕಿದೆವು, ಆದರೂ ಹೋಯಿತು. ಹೋದದ್ದೇ ಆ ನೀರಿನಿಂದ. ನನ್ನ ಜೊತೆ ಗಿಡ ಬೆಳೆಸಲು ಕಲಿಯುತ್ತಿರುವವರು ಇದೊಂದನ್ನು ಮೊದಲು ಗುರುತು ಮಾಡಿಕೊಳ್ಳಿ.

ಪಾರಿಜಾತ ಒಣ ಕಾಡಿನ ಗಿಡ. ಎಲೆ ಮುಟ್ಟಿ ನೋಡಿ, ಉಪ್ಪುಕಾಗದದ ಹಾಗೆ ಒರಟು. ಬೇಸಿಗೆಯಲ್ಲಿ ಎಲೆ ಉದುರಿಸಿ ನೀರು ಉಳಿಸಿಕೊಳ್ಳುತ್ತದೆ. ಎಲೆಯಿಲ್ಲದ ಬರಿ ಕೊಂಬೆ ಕಂಡು ಸತ್ತಿತು ಅಂತ ಕಿತ್ತು ಹಾಕಬೇಡಿ! ಗೋವಾದಲ್ಲಿ ಬೇರೂರಿದ ಗಿಡಕ್ಕೆ ಡಿಸೆಂಬರಿನಿಂದ ಮೇವರೆಗಿನ ಒಣಗಾಲ ದೊಡ್ಡ ಕಷ್ಟವಲ್ಲ. ಎಳೆ ಕಡ್ಡಿಗೆ ಕಷ್ಟ ಇಲ್ಲಿನ ಜೂನ್-ಜುಲೈ ಮಳೆ. ನಾನು ಜೂನ್‌ನಲ್ಲಿ ನೆಟ್ಟ ಐದು ಕಡ್ಡಿಗಳೂ ಬುಡದಲ್ಲಿ ಕಪ್ಪಾದವು. ತುಂಬಾ ಬೇಜಾರಾಯಿತು.

ಈಗ ನಾನು ಫೆಬ್ರವರಿಯಲ್ಲೇ ನೆಡುತ್ತೇನೆ. ಮಳೆ ಬರುವಷ್ಟರಲ್ಲಿ ಬೇರು ಬಿಟ್ಟಿರಬೇಕು, ಅಷ್ಟೇ ಲೆಕ್ಕ. ಪೆನ್ಸಿಲ್ ದಪ್ಪದ, ಬಲಿತ ಕಡ್ಡಿ ಆರಿಸಿ. ಪಾರಿಜಾತದ ಎಳೆ ರೆಂಬೆ ಚೌಕಾಕಾರ, ಕೈಗೆ ಅಂಚು ಸಿಗುತ್ತದೆ. ಅದು ತೀರಾ ಹಸಿರಾಗಿದ್ದರೆ ಬೇಡ. ಒಂದು ಗೇಣು ಉದ್ದ ಸಾಕು. ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ. ಕುಂಡಕ್ಕೆ ಅರ್ಧ ಮರಳು, ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಕುಂಡದ ತಳದಲ್ಲಿ ತೂತು ಇರಲೇಬೇಕು. ನೆರಳಲ್ಲಿಡಿ. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ಬೇರು ಬಂತಾ ಅಂತ ಸುಮ್ನೆ ಎಳೆದು ನೋಡಬೇಡಿ, ಎಳೆ ಬೇರು ಮುರಿಯುತ್ತದೆ.

ಬೀಜ ಇನ್ನೂ ಸುಲಭ, ಆದರೆ ಹೂವಿಗೆ ಜಾಸ್ತಿ ಕಾಯಬೇಕು. ಚಪ್ಪಟೆ ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ ಬಿಡಿಸಿದರೆ ಎರಡು ಭಾಗ, ಒಂದೊಂದರಲ್ಲೂ ಒಂದು ಬೀಜ. ಹೊಸ ಬೀಜವನ್ನೇ ಬಿತ್ತಿ.

ಪಕ್ಕದ ಮನೆಯ ಮರಾಠಿ ಕಾಕು ಇದನ್ನು ಪ್ರಾಜಕ್ತ ಅನ್ನುತ್ತಾರೆ. ಗೋವಾದಲ್ಲೇ 1563ರಲ್ಲಿ ಅಚ್ಚಾದ ಪುಸ್ತಕದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಇದಕ್ಕೆ ದುಃಖದ ಮರ ಎಂದರು. ನಿಕ್ಟ್ಯಾಂಥಸ್ ಆರ್ಬರ್-ಟ್ರಿಸ್ಟಿಸ್ ಎಂಬ ಶಾಸ್ತ್ರೀಯ ಹೆಸರಿನಲ್ಲೂ ಅದೇ ಅರ್ಥ ಉಳಿದಿದೆ. ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ಉದುರುತ್ತದಲ್ವಾ, ಅದಕ್ಕೆ. ನನಗಂತೂ ಕೇಸರಿ ತೊಟ್ಟಿನ ಆ ಬಿಳಿ ಹೂಗಳನ್ನು ದೇವರಿಗೆಂದು ನೆಲದಿಂದ ಆಯುವಾಗ ದುಃಖ ಕಾಣುವುದಿಲ್ಲ.

ಹೂವಿನ ಕಾಲ ಮುಗಿದ ಮೇಲೆ ರೆಂಬೆ ಸವರಿ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಸವರಿದ ರೆಂಬೆಗಳನ್ನು ಎಸೆಯಬೇಡಿ, ಫೆಬ್ರವರಿಗೆ ಬೇಕಾದ ಕಡ್ಡಿ ಅದರಲ್ಲೇ ಸಿಗುತ್ತದೆ.