ಕೋಡ್ ಒಂದೇ, ಸೆಟ್ಟಿಂಗ್ ಬೇರೆ

ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟಲು ನೆರವಾಗುವ ಜ್ಯಾಂಗೋ ಚೌಕಟ್ಟನ್ನು ಬಳಸಿ ಹೊಸ ವೆಬ್ ಯೋಜನೆಯೊಂದನ್ನು ಆರಂಭಿಸಿದಾಗ, ಅದು ತಾನಾಗಿಯೇ ರಚಿಸಿಕೊಡುವ ಸೆಟ್ಟಿಂಗ್ಸ್ ಕಡತದಲ್ಲಿ ತಪ್ಪು ಹುಡುಕಲು ನೆರವಾಗುವ 'ಡಿಬಗ್' ಎಂಬುದರ ಬೆಲೆ 'ಟ್ರೂ' (ನಿಜ, ಅಂದರೆ ಚಾಲೂ) ಎಂದಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವ ಪ್ರೋಗ್ರಾಮರ್‌ಗೆ ಇದರಿಂದ ದೊಡ್ಡ ಉಪಕಾರವಿದೆ. ತಪ್ಪು ಯಾವ ಕಡತದ ಯಾವ ಸಾಲಿನಲ್ಲಾಯಿತು, ಆ ಹೊತ್ತಿಗೆ ಯಾವ ವೇರಿಯಬಲ್‌ನಲ್ಲಿ ಏನಿತ್ತು ಎಂಬುದೆಲ್ಲ ಬ್ರೌಸರಿನಲ್ಲೇ ಕಾಣುತ್ತದೆ. ಆದರೆ ಆ ಸಾಲು ಹಾಗೆಯೇ ಪ್ರೊಡಕ್ಷನ್ ಸರ್ವರಿಗೆ, ಅಂದರೆ ಜನರು ನಿಜವಾಗಿ ಬಳಸುವ ಯಂತ್ರಕ್ಕೆ ಹೋದರೆ, ಪುಟವೊಂದು ಕೆಟ್ಟಾಗಲೆಲ್ಲ ಅದೇ ವಿವರಗಳು ಅಪರಿಚಿತರಿಗೂ ತೆರೆದುಕೊಳ್ಳುತ್ತವೆ.

ಒಂದೇ ಕೋಡ್ ಎರಡು ಕಡೆ ಓಡಬೇಕು, ಆದರೆ ಡೇಟಾಬೇಸ್ ವಿಳಾಸ, ಪಾಸ್‌ವರ್ಡ್, ಡಿಬಗ್ ಮುಂತಾದ ಕೆಲವು ಬೆಲೆಗಳು ಮಾತ್ರ ಬೇರೆಯಾಗಬೇಕು. ಸರ್ವರಿಗೆ ಹೋಗಿ ಕೈಯಿಂದ ತಿದ್ದಿದರೆ, ಮುಂದಿನ ಸಲ ಹೊಸ ಕೋಡ್ ಏರಿಸುವಾಗ ಆ ತಿದ್ದುಪಡಿ ಅಳಿಸಿಹೋಗಬಹುದು. ರೈಲ್ಸ್ ಎಂಬ ಇನ್ನೊಂದು ವೆಬ್ ಚೌಕಟ್ಟಿನಲ್ಲಿರುವಂತೆ ಡೆವಲಪ್‌ಮೆಂಟ್, ಟೆಸ್ಟ್, ಪ್ರೊಡಕ್ಷನ್ ಎಂದು ಮೂರು ಕಡತಗಳನ್ನಿಡುವುದು ಅದಕ್ಕಿಂತ ಮೇಲು. ಆದರೂ ಪಾಸ್‌ವರ್ಡನ್ನು ಅಲ್ಲಿಯೇ ಬರೆದರೆ ಅದು ಕೋಡಿನೊಂದಿಗೆ, ಅದರ ಆವೃತ್ತಿಗಳನ್ನೆಲ್ಲ ಕಾದಿಡುವ ಗಿಟ್ ತಂತ್ರಾಂಶವನ್ನು ಸೇರುತ್ತದೆ. 2016ರಲ್ಲಿ ಊಬರ್ ಕಂಪನಿಗೆ ಆದದ್ದು ಇದೇ: ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಖಾಸಗಿ ಭಂಡಾರವೊಂದರಲ್ಲಿದ್ದ ಕೀಲಿಯನ್ನು, ಅಂದರೆ ಪಾಸ್‌ವರ್ಡಿನಂಥ ಗುಟ್ಟಿನ ಸಂಕೇತವನ್ನು ಬಳಸಿ ನುಸುಳುಕೋರರು ಸುಮಾರು 5.7 ಕೋಟಿ ಜನರ ಮಾಹಿತಿಯನ್ನು ಕದ್ದರು. ಇಂಥ ಕೀಲಿಯನ್ನು ಆಮೇಲೆ ಅಳಿಸಿದರೆ ಸಾಲದು, ಏಕೆಂದರೆ ಗಿಟ್ ತನ್ನ ಹಳೆಯ ಆವೃತ್ತಿಗಳಲ್ಲಿ ಅದನ್ನು ಉಳಿಸಿಕೊಂಡಿರುತ್ತದೆ. ಕೀಲಿಯನ್ನೇ ರದ್ದುಮಾಡಿ ಹೊಸದನ್ನು ಪಡೆಯಬೇಕು.

ಹೆರೋಕು ಸಂಸ್ಥೆಯ ಆಡಮ್ ವಿಗಿನ್ಸ್ 2011ರಲ್ಲಿ ಪ್ರಕಟಿಸಿದ 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್' ಎಂಬ ಹನ್ನೆರಡು ಸೂತ್ರಗಳಲ್ಲಿ ಇದಕ್ಕೊಂದು ಪರೀಕ್ಷೆಯಿದೆ: ನಿಮ್ಮ ಕೋಡನ್ನು ಈ ಕ್ಷಣವೇ ಜಗತ್ತಿಗೆಲ್ಲ ತೆರೆದಿಟ್ಟರೂ ಒಂದು ಗುಟ್ಟೂ ಹೊರಬೀಳಬಾರದು. ನಾನು ಕಂಡ ಪರೀಕ್ಷೆಗಳಲ್ಲಿ ಇಷ್ಟು ಸರಳವೂ ಇಷ್ಟು ಕಠಿಣವೂ ಆದದ್ದು ಇನ್ನೊಂದಿಲ್ಲ. ಅಲ್ಲಿ ಸೂಚಿಸಿರುವ ಮದ್ದು ಎನ್ವಿರಾನ್ಮೆಂಟ್ ವೇರಿಯಬಲ್. 1979ರ ಏಳನೆಯ ಆವೃತ್ತಿಯ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲೇ ಇದ್ದ ಈ ಏರ್ಪಾಡಿನಲ್ಲಿ ಬೆಲೆಗಳು ಕೋಡಿನ ಹೊರಗೆ, ಯಂತ್ರದ ಬಳಿ ಇರುತ್ತವೆ. ಪ್ರೋಗ್ರಾಂ ಓಡಲು ಆರಂಭಿಸಿದಾಗ ಅವುಗಳನ್ನು ಓದಿಕೊಳ್ಳುತ್ತದೆ.

ಇಲ್ಲಿ ಕಣ್ಣಿಗೆ ಬೀಳದ ಗುಂಡಿಯೊಂದಿದೆ. ಎನ್ವಿರಾನ್ಮೆಂಟ್ ವೇರಿಯಬಲ್‌ನ ಬೆಲೆ ಯಾವಾಗಲೂ ಬರಿಯ ಅಕ್ಷರಗಳ ಸಾಲು. ಸರ್ವರಿನಲ್ಲಿ ಡಿಬಗ್‌ಗೆ 'ಫಾಲ್ಸ್' ಎಂದು ಕೊಟ್ಟು ಅದನ್ನು, ಬೆಲೆ ನಿಜವೋ ಸುಳ್ಳೋ ಎಂದು ಹೇಳುವ ಪೈಥಾನ್‌ನ 'ಬೂಲ್'ಗೆ ನೇರವಾಗಿ ಒಪ್ಪಿಸಿದರೆ ಬರುವ ಉತ್ತರ 'ಟ್ರೂ', ಏಕೆಂದರೆ ಖಾಲಿಯಲ್ಲದ ಯಾವುದೇ ಅಕ್ಷರಸಾಲನ್ನು ಪೈಥಾನ್ ನಿಜವೆಂದೇ ಎಣಿಸುತ್ತದೆ. ಡಿಬಗ್ ಆರಿಸಿದ್ದೇವೆಂಬ ನೆಮ್ಮದಿಯಲ್ಲಿ ನಾವಿರುತ್ತೇವೆ, ಅದು ಉರಿಯುತ್ತಲೇ ಇರುತ್ತದೆ.

ಆದ್ದರಿಂದ ಪ್ರತಿ ಬೆಲೆಯನ್ನೂ ಆರಂಭದಲ್ಲೇ ಪರೀಕ್ಷಿಸಬೇಕು: ಡಿಬಗ್‌ಗೆ ಗೊತ್ತುಪಡಿಸಿದ ಎರಡೇ ಪದಗಳನ್ನು ಒಪ್ಪಬೇಕು, ಏನೂ ಹೇಳದಿದ್ದರೆ ಆರಿರುವುದೆಂದೇ ತಿಳಿಯಬೇಕು, ಡೇಟಾಬೇಸ್ ಪಾಸ್‌ವರ್ಡ್ ಇಲ್ಲದಿದ್ದರೆ ಯಾವುದೋ ಪೂರ್ವನಿಗದಿತ ಬೆಲೆಯಿಂದ ಮುಂದುವರಿಯದೆ ಪ್ರೋಗ್ರಾಂ ಅಲ್ಲಿಯೇ ನಿಲ್ಲಬೇಕು. ನಿಲ್ಲುವಾಗ ಇಲ್ಲದ ಸೆಟ್ಟಿಂಗಿನ ಹೆಸರನ್ನು ಸ್ಪಷ್ಟವಾಗಿ ಹೇಳಬೇಕು. ರಾತ್ರಿ ಎರಡು ಗಂಟೆಗೆ ಸರ್ವರ್ ಸರಿಪಡಿಸಲು ಕೂತವರಿಗೆ ಬೇಕಾಗಿರುವುದು ಆ ಒಂದು ಹೆಸರು.