ಸರ್ಕಾರ ಜನರ ಲೆಕ್ಕ ಇಟ್ಟಿತು, ಜನ ಸರ್ಕಾರದ ಲೆಕ್ಕ ಕೇಳಿದರು

"ಸರ್ಕಾರದ ಕೆಲಸಗಳೇನು?" ಅಂತ ಪ್ರಶ್ನೆ ಬಂದರೆ ನಾವೆಲ್ಲ ಬರೆಯುವುದು ಒಂದೇ ಪಟ್ಟಿ: ರಕ್ಷಣೆ, ಕಾನೂನು, ನ್ಯಾಯ, ತೆರಿಗೆ, ಜನರ ಕಲ್ಯಾಣ. ಪಟ್ಟಿ ಸರಿಯಾಗಿಯೇ ಇದೆ. ಆದರೆ ಈ ಕೆಲಸಗಳೆಲ್ಲ ಒಟ್ಟಿಗೆ ಬಂದವಲ್ಲ. ಯಾವುದು ಮೊದಲು ಬಂತು, ಯಾವುದು ಯಾರ ಒತ್ತಾಯಕ್ಕೆ ಬಂತು ಅನ್ನೋದು ತಿಳಿದರೆ ಉರು ಹೊಡೆಯುವ ಅಗತ್ಯವೇ ಬೀಳುವುದಿಲ್ಲ. ಅದಕ್ಕೇ ಈ ಟಿಪ್ಪಣಿಯಲ್ಲಿ ನಾನು ಒಂದೇ ಎಳೆ ಹಿಡಿದುಕೊಂಡು ಹೋಗುತ್ತೇನೆ. ಸರ್ಕಾರಗಳು ಜನರ ಲೆಕ್ಕ ಇಡುವುದನ್ನು ಬಹಳ ಬೇಗ ಕಲಿತವು. ಜನ ಸರ್ಕಾರದ ಲೆಕ್ಕ ಕೇಳುವುದನ್ನು ಕಲಿಯಲು ಸಾವಿರಾರು ವರ್ಷ ಹಿಡಿಯಿತು.

ಮೊದಲೇ ಒಂದು ವ್ಯತ್ಯಾಸ ತಲೆಯಲ್ಲಿರಲಿ. ಪ್ರಭುತ್ವ ಬೇರೆ, ಸರ್ಕಾರ ಬೇರೆ. ನೆಲ, ಜನ, ಕಾನೂನು, ಅಧಿಕಾರ ಎಲ್ಲ ಸೇರಿದ ವ್ಯವಸ್ಥೆ ಪ್ರಭುತ್ವ. ಸದ್ಯಕ್ಕೆ ಅದನ್ನು ನಡೆಸುತ್ತಿರುವವರು ಸರ್ಕಾರ. ಸರ್ಕಾರ ಬೀಳಬಹುದು, ಬದಲಾಗಬಹುದು. ಆದರೆ ಹಳೆಯ ಸರ್ಕಾರ ಮಾಡಿದ ಸಾಲವನ್ನು ಹೊಸ ಸರ್ಕಾರವೇ ತೀರಿಸಬೇಕು. ಯಾಕೆಂದರೆ ಸಾಲ ಪ್ರಭುತ್ವದ ಹೆಸರಿನಲ್ಲಿರುತ್ತದೆ.

ಧಾನ್ಯ, ನೀರು, ಜೇಡಿಮಣ್ಣಿನ ಹಲಗೆ

ಕ್ರಿ.ಪೂ. 3300ರ ಆಸುಪಾಸಿನಲ್ಲಿ ಮೆಸೊಪೊಟೇಮಿಯಾದ ಉರುಕ್ ನಗರದಲ್ಲಿ ಜೇಡಿಮಣ್ಣಿನ ಹಲಗೆಗಳ ಮೇಲೆ ಬರವಣಿಗೆ ಶುರುವಾಯಿತು. ಅವುಗಳಲ್ಲಿ ಕಥೆ, ಕವಿತೆ ಹುಡುಕಬೇಡಿ. ಬಹುಪಾಲು ಹಲಗೆಗಳಲ್ಲಿ ಇರುವುದು ಲೆಕ್ಕ: ಇಷ್ಟು ಬಾರ್ಲಿ ಬಂತು, ಇಷ್ಟು ಕುರಿ ಇವೆ, ಕೆಲಸದವರಿಗೆ ಇಷ್ಟು ಪಡಿ ಕೊಟ್ಟಿದೆ. ಬೇಸಾಯದಿಂದ ಧಾನ್ಯ ಉಳಿಯತೊಡಗಿದಾಗ ಅದನ್ನು ಕೂಡಿಡಬೇಕು, ಕಾಯಬೇಕು, ಹಂಚಬೇಕು. ಯಾರು ಕೊಟ್ಟರು, ಯಾರು ಪಡೆದರು ಅಂತ ಬರೆದಿಡಲೂ ಬೇಕು. ಆ ಉಗ್ರಾಣ, ಆ ಗುಮಾಸ್ತ ಇವೆರಡರ ಸುತ್ತ ಆಡಳಿತ ಬೆಳೆಯಿತು. ಈಜಿಪ್ಟಿನಲ್ಲಿ ನೈಲ್ ನದಿಯ ಪ್ರವಾಹದ ಎತ್ತರವನ್ನು ಪ್ರತಿ ವರ್ಷ ಅಳೆಯುತ್ತಿದ್ದರು. ನೀರು ಎಷ್ಟು ಏರಿತು ಅನ್ನುವುದರ ಮೇಲೆ ಬೆಳೆ ಅಂದಾಜಾಗುತ್ತಿತ್ತು, ಬೆಳೆಯ ಅಂದಾಜಿನ ಮೇಲೆ ತೆರಿಗೆ.

ಲೆಕ್ಕದ ಜೊತೆಗೇ ಜಗಳ ಬಿಡಿಸುವ ಕೆಲಸವೂ ಬಂತು. ಬ್ಯಾಬಿಲೋನಿನ ಹಮ್ಮುರಾಬಿ ಸುಮಾರು ಕ್ರಿ.ಪೂ. 1750ರ ಹೊತ್ತಿಗೆ ಕಲ್ಲಿನ ಮೇಲೆ ಕೆತ್ತಿಸಿದ ಕಾನೂನುಗಳು ಸುಮಾರು 282. "ಕಣ್ಣಿಗೆ ಕಣ್ಣು" ಅನ್ನುವುದಷ್ಟೇ ನಮಗೆ ನೆನಪಿರುತ್ತದೆ. ಆದರೆ ನೀರಿನ ಬಗ್ಗೆ ಏನಿದೆ ನೋಡಿ. ಒಬ್ಬ ತನ್ನ ಪಾಲಿನ ಏರಿಯನ್ನು ಸರಿಯಾಗಿ ನೋಡಿಕೊಳ್ಳದೆ ಬಿಟ್ಟ, ಏರಿ ಒಡೆದು ಪಕ್ಕದ ಹೊಲಗಳಿಗೆ ನೀರು ನುಗ್ಗಿತು ಅಂತಿಟ್ಟುಕೊಳ್ಳಿ. ಹಾಳಾದ ಧಾನ್ಯವನ್ನೆಲ್ಲ ಅವನೇ ತುಂಬಿಕೊಡಬೇಕು. ಆಗದಿದ್ದರೆ ಅವನನ್ನೂ ಅವನ ಆಸ್ತಿಯನ್ನೂ ಮಾರಿ, ಬಂದ ಹಣವನ್ನು ಬೆಳೆ ಕಳೆದುಕೊಂಡವರು ಹಂಚಿಕೊಳ್ಳಬೇಕು. ಬಹಳ ಕಠೋರ, ನಿಜ. ಆದರೆ ಒಬ್ಬನ ಅಸಡ್ಡೆ ಇನ್ನೊಬ್ಬನ ಹೊಟ್ಟೆಗೆ ಹೊಡೆಯುವಾಗ ಮಧ್ಯೆ ನಿಲ್ಲಲು ಒಂದು ಅಧಿಕಾರ ಬೇಕು ಅನ್ನುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅದೇ ಕಲ್ಲಿನಲ್ಲಿ ಇನ್ನೊಂದು ಮುಖವೂ ಇದೆ. ಮೇಲ್ವರ್ಗದವನ ಕಣ್ಣು ಕಿತ್ತರೆ ಕಿತ್ತವನ ಕಣ್ಣು ಹೋಗುತ್ತದೆ. ಸಾಮಾನ್ಯನ ಕಣ್ಣಿಗಾದರೆ ಒಂದು ಮಿನಾ (ಆ ಕಾಲದ ಒಂದು ತೂಕ) ಬೆಳ್ಳಿ ಕೊಟ್ಟರೆ ಸಾಕು. ಗುಲಾಮನ ಕಣ್ಣಿಗೆ ಅವನ ಬೆಲೆಯ ಅರ್ಧ, ಅದೂ ಅವನಿಗಲ್ಲ, ಯಜಮಾನನಿಗೆ. ಕಾನೂನು ಬರೆದಿಟ್ಟ ಮಾತ್ರಕ್ಕೆ ಎಲ್ಲರೂ ಸಮಾನರಾಗುವುದಿಲ್ಲ ಅಲ್ವಾ? ಉತ್ತರ ಬರೆಯುವಾಗ ಈ ಎರಡೂ ಮುಖ ಹೇಳಿದರೆ ಚೆನ್ನ.

ಚೀನಾದ ಚಿನ್ ವಂಶವನ್ನೂ ಇಲ್ಲೇ ಮುಗಿಸಿಬಿಡೋಣ. ಕ್ರಿ.ಪೂ. 221ರಲ್ಲಿ ದೇಶವನ್ನು ಒಂದು ಮಾಡಿದ ಮೊದಲ ಸಾಮ್ರಾಟ ತೂಕ, ಅಳತೆ, ಲಿಪಿ, ಕೊನೆಗೆ ಗಾಡಿಯ ಅಚ್ಚಿನ ಅಗಲವನ್ನೂ ಒಂದೇ ಮಾಡಿದ. ಆದರೆ ಬಲವಂತದ ದುಡಿಮೆ, ಕ್ರೂರ ಶಿಕ್ಷೆ ತಾಳಲಾರದೆ ಜನ ತಿರುಗಿಬಿದ್ದರು. ಸುಮಾರು 15 ವರ್ಷದಲ್ಲಿ ವಂಶವೇ ಮುಗಿಯಿತು. ಅಳತೆಗಳು ಮಾತ್ರ ಉಳಿದವು.

ತೆರಿಗೆ ಕೇಳಿದಾಗ ಹುಟ್ಟಿದ ಪ್ರಶ್ನೆ

ಇಂಗ್ಲೆಂಡನ್ನು ಗೆದ್ದ ವಿಲಿಯಂ 1086ರಲ್ಲಿ ಇಡೀ ರಾಜ್ಯದ ಸರ್ವೆ ಮಾಡಿಸಿದ. ಯಾರ ಬಳಿ ಎಷ್ಟು ಜಮೀನು, ಎಷ್ಟು ನೇಗಿಲು, ಎಷ್ಟು ಗಿರಣಿ ಎಲ್ಲ ದಾಖಲಾಯಿತು. ಒಂದು ಎತ್ತು, ಒಂದು ಹಂದಿಯನ್ನೂ ಬಿಡಲಿಲ್ಲ ಅಂತ ಆ ಕಾಲದ ಬರಹಗಾರನೊಬ್ಬ ನೊಂದುಕೊಂಡು ಬರೆದಿದ್ದಾನೆ. ರಾಜನಿಗೆ ಎಲ್ಲರ ಲೆಕ್ಕ ಗೊತ್ತು, ರಾಜನ ಲೆಕ್ಕ ಕೇಳುವವರಿಲ್ಲ.

1215ರಲ್ಲಿ ಸ್ಥಿತಿ ಸ್ವಲ್ಪ ಬದಲಾಯಿತು. ಫ್ರಾನ್ಸಿನಲ್ಲಿ ಯುದ್ಧ ಸೋತು, ತೆರಿಗೆ ಮೇಲೆ ತೆರಿಗೆ ಹಾಕಿದ ಜಾನ್ ದೊರೆಯನ್ನು ಅವನ ಸಾಮಂತರೇ ಅಡ್ಡಗಟ್ಟಿ ಮ್ಯಾಗ್ನ ಕಾರ್ಟಾ ಅನ್ನುವ ಒಪ್ಪಂದ ಪತ್ರಕ್ಕೆ ಮುದ್ರೆ ಒತ್ತಿಸಿದರು. ರಾಜ್ಯದ ಸಭೆಯ ಒಪ್ಪಿಗೆಯಿಲ್ಲದೆ ಕೆಲವು ಬಗೆಯ ತೆರಿಗೆ ಹಾಕುವಂತಿಲ್ಲ ಅನ್ನುವುದು ಅದರಲ್ಲಿದ್ದ ಮುಖ್ಯ ಮಾತು. ಇದನ್ನು ಪ್ರಜಾಪ್ರಭುತ್ವದ ಹುಟ್ಟು ಅಂತ ಬರೆಯುವುದು ಸ್ವಲ್ಪ ಜಾಸ್ತಿಯೇ ಆಯಿತು. ಅದು ಮುಖ್ಯವಾಗಿ ಶ್ರೀಮಂತರ ಹಕ್ಕಿನ ಪತ್ರ, ಜೀತದ ರೈತರಿಗೆ ಅದರಿಂದ ದಕ್ಕಿದ್ದು ಕಡಿಮೆ. ಆದರೂ ರಾಜನೂ ಒಂದು ಬರಹಕ್ಕೆ ಬದ್ಧ ಅನ್ನುವ ಮಾತು ಅಲ್ಲಿಂದ ಗಟ್ಟಿಯಾಯಿತು.

1789ರ ಫ್ರಾನ್ಸಿನಲ್ಲೂ ಹೀಗೇ. ಖಜಾನೆ ಬರಿದಾಗಿ, ಸಾಲ ತೀರಿಸಲಾಗದೆ, 1614ರಿಂದ ಒಮ್ಮೆಯೂ ಕರೆಯದಿದ್ದ, ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಈ ಮೂರು ವರ್ಗಗಳ ಪ್ರತಿನಿಧಿಗಳ ಸಭೆಯನ್ನು ದೊರೆ ಹದಿನಾರನೇ ಲೂಯಿ ಕರೆಯಬೇಕಾಯಿತು. ದುಡ್ಡು ಕೇಳಲು ಕರೆದ ಸಭೆಯೇ ಕ್ರಾಂತಿಯ ಬಾಗಿಲು ತೆರೆಯಿತು.

ಚಿಂತಕರನ್ನು ಈ ಜಾಗದಲ್ಲಿಟ್ಟು ಓದಿದರೆ ಸುಲಭ. ಇಂಗ್ಲೆಂಡಿನ ಅಂತರ್ಯುದ್ಧ ಕಂಡ ಹಾಬ್ಸ್ 1651ರಲ್ಲಿ, ಬಲವಾದ ಅಧಿಕಾರ ಇಲ್ಲದಿದ್ದರೆ ಎಲ್ಲರಿಗೂ ಎಲ್ಲರ ಭಯ ಅಂದ. ಆ ಅಧಿಕಾರವೇ ನಮ್ಮ ಜೀವ, ಸ್ವಾತಂತ್ರ್ಯ, ಆಸ್ತಿಗೆ ಕೈ ಹಾಕಿದರೆ ಅದನ್ನು ಬದಲಿಸುವ ಹಕ್ಕು ಜನರಿಗಿದೆ ಅಂತ ಲಾಕ್ ವಾದಿಸಿದ. ಕಾನೂನು ಮಾಡುವವರು, ಜಾರಿ ಮಾಡುವವರು, ತೀರ್ಪು ಕೊಡುವವರು ಒಬ್ಬರೇ ಆಗಬಾರದು ಅಂತ 1748ರಲ್ಲಿ ಮಾಂಟೆಸ್ಕ್ಯೂ ಹೇಳಿದ.

ಒಬ್ಬರಿಂದ ಆಗದ ಕೆಲಸ

ಅರ್ಥಶಾಸ್ತ್ರದಲ್ಲಿ "ಸಾರ್ವಜನಿಕ ಸರಕು" ಅಂತ ಓದುತ್ತೇವೆ. ಎಲ್ಲರಿಗೂ ಬೇಕು, ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗದು, ದುಡ್ಡು ಕೊಡದವರನ್ನು ಹೊರಗಿಡಲೂ ಆಗದು. ಹಾಗಾಗಿ ಪ್ರತಿಯೊಬ್ಬರೂ "ಬೇರೆಯವರು ಕೊಡಲಿ" ಅಂತ ಸುಮ್ನೆ ಕೂರುತ್ತಾರೆ, ಕೆಲಸ ಆಗುವುದೇ ಇಲ್ಲ. ದೀಪಸ್ತಂಭದ ಉದಾಹರಣೆ ಎಲ್ಲ ಕಡೆ ಇದೆ. ನನಗೆ ಅದಕ್ಕಿಂತ ಲಂಡನ್ನಿನ ಚರಂಡಿ ಹೆಚ್ಚು ಹಿಡಿಸುತ್ತದೆ.

1854ರಲ್ಲಿ ಅಲ್ಲಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾದಿಂದ ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ಎಲ್ಲರೂ ನಂಬಿದ್ದಾಗ, ಜಾನ್ ಸ್ನೋ ಅನ್ನುವ ವೈದ್ಯ ಸತ್ತವರ ಮನೆಗಳನ್ನು ಗುರುತಿಸುತ್ತಾ ಹೋದ. ಸಾವುಗಳು ಕುಡಿಯುವ ನೀರಿನ ಒಂದು ಪಂಪಿನ ಸುತ್ತ ಗುಂಪಾಗಿದ್ದವು. ಅವನ ಮಾತು ಕೇಳಿ ಸ್ಥಳೀಯ ಆಡಳಿತ ಪಂಪಿನ ಹಿಡಿಕೆ ತೆಗೆಸಿತು. ಅಷ್ಟಾದರೂ ಊರಿನ ಕೊಳಕೆಲ್ಲ ಥೇಮ್ಸ್ ನದಿಗೇ ಹೋಗುತ್ತಿತ್ತು. 1858ರ ಬೇಸಿಗೆಯಲ್ಲಿ ನದಿಯ ದುರ್ವಾಸನೆ ದಡದಲ್ಲಿದ್ದ ಸಂಸತ್ತಿನ ಒಳಗೇ ಬಂತು. ವರ್ಷಗಟ್ಟಲೆ ಎಳೆದಾಡಿದ್ದ ಕೆಲಸಕ್ಕೆ ಆಗ ಬೇಗಬೇಗ ಮಸೂದೆ ಪಾಸಾಯಿತು. ಜೋಸೆಫ್ ಬಜಲ್ಗೆಟ್ ಅನ್ನುವ ಎಂಜಿನಿಯರ್ ಸುಮಾರು 130 ಕಿಲೋಮೀಟರ್ ಮುಖ್ಯ ಚರಂಡಿ ಕಟ್ಟಿದ. 1866ರಲ್ಲಿ ಮತ್ತೆ ಕಾಲರಾ ಬಂದಾಗ ಅದು ಹೆಚ್ಚು ಜನರನ್ನು ಕೊಂದದ್ದು ಹೊಸ ವ್ಯವಸ್ಥೆ ಇನ್ನೂ ಪೂರ್ತಿಯಾಗದ ಪೂರ್ವ ಲಂಡನ್ನಿನಲ್ಲಿ.

ಎಷ್ಟೇ ಶ್ರೀಮಂತನಾದರೂ ತನ್ನ ಮನೆಗೊಂದೇ ಅಂತ ನದಿಯನ್ನು ಶುದ್ಧ ಮಾಡಿಕೊಳ್ಳಲಾರ. ಇಂಥ ಕಡೆ ಸರ್ಕಾರಕ್ಕೆ ಬದಲಿ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕಾನೂನು ಮಾಡಿದರೆ ಸಾಲದು, ನೋಡಿಕೊಳ್ಳುವವರೂ ಬೇಕು. ಬ್ರಿಟನ್ನಿನಲ್ಲಿ ಕಾರ್ಖಾನೆ ಮಕ್ಕಳ ರಕ್ಷಣೆಗೆ 1802ರಲ್ಲೇ ಕಾಯ್ದೆ ಬಂದಿತ್ತು, ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. 1833ರ ಕಾಯ್ದೆ ಸರ್ಕಾರದ ಇನ್‌ಸ್ಪೆಕ್ಟರ್‌ಗಳನ್ನು ನೇಮಿಸಿತು. ಇದ್ದವರು ನಾಲ್ಕೇ ಮಂದಿ, ಆದರೂ ಬಾಗಿಲು ತಟ್ಟಿ ಒಳಗೆ ಹೋಗುವ ಅಧಿಕಾರ ಅವರಿಗಿತ್ತು.

ಕಲ್ಯಾಣ ಯೋಜನೆಗಳ ಇಸವಿಗಳನ್ನು ಗುರುತು ಮಾಡಿಕೊಳ್ಳಿ. ಜರ್ಮನಿಯಲ್ಲಿ ಬಿಸ್ಮಾರ್ಕ್ ತಂದ ಕಾಯಿಲೆ ವಿಮೆ 1883, ಅಪಘಾತ ವಿಮೆ 1884, ವೃದ್ಧಾಪ್ಯ ಪಿಂಚಣಿ 1889. ಕಾರ್ಮಿಕರು ಸಮಾಜವಾದಿಗಳ ಕಡೆ ವಾಲದಂತೆ ತಡೆಯುವುದೂ ಅವನ ಉದ್ದೇಶವಾಗಿತ್ತು. ಅಮೆರಿಕದ ಸಾಮಾಜಿಕ ಭದ್ರತೆ ಕಾಯ್ದೆ 1935, ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948.

ಲೆಕ್ಕವೇ ಆಯುಧವಾದಾಗ

ಈ ಭಾಗವನ್ನು ದಯವಿಟ್ಟು ಓಡಿಸಿಕೊಂಡು ಓದಬೇಡಿ.

ನೆದರ್‌ಲೆಂಡ್ಸ್‌ನಲ್ಲಿ ಎರಡನೇ ಮಹಾಯುದ್ಧಕ್ಕೆ ಮೊದಲೇ ಅಚ್ಚುಕಟ್ಟಾದ ಜನನೋಂದಣಿ ಇತ್ತು. ಹೆಸರು, ವಿಳಾಸದ ಜೊತೆ ಧರ್ಮವೂ ಅದರಲ್ಲಿತ್ತು. ಅದನ್ನು ಮಾಡಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. 1940ರಲ್ಲಿ ನಾಜಿಗಳು ದೇಶವನ್ನು ಹಿಡಿದಾಗ ಆ ದಾಖಲೆಗಳೂ ಅವರ ಕೈಗೆ ಬಂದವು. ಅಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ 1,00,000ಕ್ಕೂ ಹೆಚ್ಚು ಜನ ಕೊಲೆಯಾದರು. 1943ರ ಮಾರ್ಚ್‌ನಲ್ಲಿ ಪ್ರತಿರೋಧ ಗುಂಪಿನವರು ಆಮ್‌ಸ್ಟರ್‌ಡ್ಯಾಮಿನ ನೋಂದಣಿ ಕಚೇರಿಗೆ ನುಗ್ಗಿ ಬೆಂಕಿ ಹಚ್ಚಿದ್ದು ಇದೇ ಕಾರಣಕ್ಕೆ. ಕಾರ್ಡುಗಳ ಒಂದು ಭಾಗವನ್ನಷ್ಟೇ ನಾಶ ಮಾಡಲು ಸಾಧ್ಯವಾಯಿತು.

ಸುಳ್ಳು ಲೆಕ್ಕವೂ ಕೊಲ್ಲುತ್ತದೆ. ಚೀನಾದಲ್ಲಿ 1958ರ ನಂತರ ಮೇಲಿನವರನ್ನು ಮೆಚ್ಚಿಸಲು ಸ್ಥಳೀಯ ಅಧಿಕಾರಿಗಳು ಬೆಳೆಯ ಅಂಕಿಗಳನ್ನು ವಿಪರೀತ ಏರಿಸಿ ಬರೆದರು. ಆ ಅಂಕಿಯ ಮೇಲೆ ಪ್ರಭುತ್ವ ಧಾನ್ಯ ಎತ್ತಿಕೊಂಡು ಹೋಯಿತು, ಹಳ್ಳಿಗಳಲ್ಲಿ ಉಣ್ಣಲು ಏನೂ ಉಳಿಯಲಿಲ್ಲ. 1959ರಿಂದ 1961ರವರೆಗಿನ ಕ್ಷಾಮದಲ್ಲಿ ಸತ್ತವರು ಕೋಟಿಗಟ್ಟಲೆ. "ಈ ಅಂಕಿ ಸುಳ್ಳು" ಅಂತ ಬರೆಯುವ ಪತ್ರಿಕೆ ಇರಲಿಲ್ಲ, ಕೇಳುವ ವಿರೋಧ ಪಕ್ಷ ಇರಲಿಲ್ಲ. ಚುನಾವಣೆ ಮತ್ತು ಸ್ವತಂತ್ರ ಪತ್ರಿಕೆಗಳಿರುವ ದೇಶದಲ್ಲಿ ದೊಡ್ಡ ಕ್ಷಾಮ ಬೀಳುವುದಿಲ್ಲ ಅನ್ನುವ ಅಮರ್ತ್ಯ ಸೇನ್ ಅವರ ವಾದವನ್ನು ಇದರ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

ತಿರುಗಿ ಕೇಳಿದವರು

ಸರ್ಕಾರಿ ಕಾಗದಪತ್ರ ನೋಡುವ ಹಕ್ಕನ್ನು ಕಾನೂನಿನಲ್ಲಿ ಮೊದಲು ಬರೆದದ್ದು ಸ್ವೀಡನ್, 1766ರಲ್ಲಿ. ಬೇರೆ ಬಹುತೇಕ ದೇಶಗಳಿಗೆ ಅದು ಬರಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ಭಾರತದಲ್ಲಿ ಆ ಹಕ್ಕು ಕೆಳಗಿನಿಂದ ಬಂತು. ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಕೊನೆಯಲ್ಲಿ ಬಹಿರಂಗ ಸಭೆಗಳನ್ನು ನಡೆಸತೊಡಗಿತು. ಸರ್ಕಾರಿ ಕಾಮಗಾರಿಗಳ ಹಾಜರಿ ಪಟ್ಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಕೂಲಿ ಪಡೆದಿದ್ದಾರೆ ಅಂತ ಬರೆದಿದ್ದ ಹೆಸರುಗಳಲ್ಲಿ ಸತ್ತವರೂ ಇದ್ದರು, ಊರು ಬಿಟ್ಟು ಹೋದವರೂ ಇದ್ದರು. ಅಕ್ಷರ ಬಾರದ ಕೂಲಿಯವರೂ ಎದ್ದು ನಿಂತು, ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ ಅನ್ನುತ್ತಿದ್ದರು. "ನಮ್ಮ ದುಡ್ಡು, ನಮ್ಮ ಲೆಕ್ಕ" ಅನ್ನುವುದು ಅವರ ಘೋಷಣೆ. ಆ ಚಳವಳಿ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿಯಾಯಿತು. ಅರ್ಜಿ ಹಾಕಿದವರಿಗೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಮಾಹಿತಿ ಯಾಕೆ ಬೇಕು ಅಂತ ಅವರು ಕಾರಣ ಹೇಳಬೇಕಾಗಿಲ್ಲ.