ಬ್ಯಾಂಕಿನ ಎಂಜಿನಿಯರ್ ನೋಡಿದ್ದು ಬ್ಯಾಂಕಿಗಾಗಿ

ಹಳೇ ಮನೆಯನ್ನೋ ಫ್ಲಾಟನ್ನೋ ಕೊಳ್ಳಲು ಹೊರಟವರನ್ನು ‘ಕಟ್ಟಡ ಯಾರಿಗಾದರೂ ತೋರಿಸಿದಿರಾ?’ ಎಂದು ಕೇಳಿ ನೋಡಿ. ‘ಬ್ಯಾಂಕಿನ ಎಂಜಿನಿಯರ್ ಬಂದು ನೋಡಿ ಹೋದರು ಸಾರ್’ ಅನ್ನುತ್ತಾರೆ. ಬಂದದ್ದು ನಿಜ. ಆದರೆ ಪ್ಲಾನ್ ಪ್ರಕಾರ ಕಟ್ಟಿದೆಯಾ, ಸಾಲ ತೀರದಿದ್ದರೆ ಈ ಮನೆ ಮಾರಿ ಎಷ್ಟು ಬರುತ್ತದೆ ಎಂದು ನೋಡಲು ಬಂದವರು ಅವರು. ಮೇಲಿನ ಮನೆಯ ಬಾತ್‌ರೂಮ್ ನಿಮ್ಮ ಮಂಚದ ಮೇಲೆ ಸೋರಿದರೆ ಬ್ಯಾಂಕಿಗೇನು?

ಇಸಿ (ಆಸ್ತಿಯ ಮೇಲೆ ಸಾಲ, ಋಣಭಾರ ಇದೆಯೇ ಎಂದು ತೋರಿಸುವ ಪತ್ರ), ಖಾತೆ ನೋಡಲು ಲಾಯರಿಗೆ ಫೀಸು ಕೊಡುತ್ತೇವೆ. ಗೋಡೆ ನೋಡುವವರಿಗೆ ಕೊಡಲು ಮಾತ್ರ ಕೈ ಬರುವುದಿಲ್ಲ.

ಕೊಳ್ಳುವವರ ಪರವಾಗಿ ಮನೆ ಪರೀಕ್ಷಿಸುವ ನಾನು ಮೊದಲು ಹುಡುಕುವುದು ನೀರನ್ನು. ಮಾರುವ ಮುಂಚೆ ಮನೆಗೆಲ್ಲ ಪೇಂಟ್ ಹೊಡೆಸುವುದು ಸಹಜ. ಒಂದು ರೂಮಿನ ಒಂದೇ ಮೂಲೆಗೆ ಹೊಸ ಬಣ್ಣ ಬಿದ್ದಿದ್ದರೆ ನನ್ನ ಮಾಯಿಶ್ಚರ್ ಮೀಟರ್ ಅಲ್ಲಿಗೇ ಹೋಗುತ್ತದೆ. ಆಮೇಲೆ ಬಾತ್‌ರೂಮಿನ ಹೊರಗೋಡೆ, ಕಿಟಕಿಯ ಕೆಳಭಾಗ, ತಾರಸಿಯ ಪ್ಯಾರಪೆಟ್ ಬುಡ. ಬಾತ್‌ರೂಮಿನ ಡ್ರೈನ್ ಮುಚ್ಚಿ ಇಡೀ ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ನೋಡಿದರೆ ಇನ್ನೂ ಖಾತ್ರಿ. ಜನ ವಾಸವಿದ್ದರೆ ಇದಕ್ಕೆ ಒಪ್ಪುವುದು ಕಷ್ಟ. ಹಾಗಾದರೆ ಕೆಳಗಿನ ಮನೆಯವರನ್ನೇ ವಿಚಾರಿಸಿ. ಬ್ರೋಕರ್ ಹೇಳದ್ದನ್ನು ಅವರು ಹೇಳುತ್ತಾರೆ! ಬೆಂಗಳೂರಿನಲ್ಲಾದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಬಿದ್ದ ಮಾರನೇ ದಿನ ಹೋಗುವುದು ಒಳ್ಳೆಯದು.

ಬಿರುಕು ಕಂಡರೆ ಜನ ಜಾಸ್ತಿ ಹೆದರುತ್ತಾರೆ, ಅದೂ ಹೆದರಬೇಕಿಲ್ಲದ ಬಿರುಕಿಗೆ. ಪಿಲ್ಲರ್‌ಗೆ ಗೋಡೆ ಸೇರುವ ಕಡೆ ಕೂದಲೆಳೆಯಂಥ ಗೆರೆ ಸಾಮಾನ್ಯ; ಕಾಂಕ್ರೀಟು, ಇಟ್ಟಿಗೆ ಬಿಸಿಲಿಗೆ ಒಂದೇ ಥರ ಹಿಗ್ಗುವುದಿಲ್ಲ. ಬೀಮಿನ ಉದ್ದಕ್ಕೂ ಬಿರುಕು, ಪಕ್ಕದಲ್ಲಿ ಕಂದು ಕಲೆ ಇದ್ದರೆ ಕತೆ ಬೇರೆ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತಿರುತ್ತದೆ. ಗೋಡೆಯಲ್ಲಿ ಮೆಟ್ಟಿಲಿನ ಹಾಗೆ ಓರೆಯಾಗಿ ಏರಿದ ಬಿರುಕು, ಜೊತೆಗೆ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು ಎರಡೂ ಇದ್ದರೆ ಪಾಯ ಕುಸಿದಿರಬಹುದು. ಮಣ್ಣು ತುಂಬಿಸಿದ ಕೆರೆ ಅಂಗಳದಲ್ಲಿ ಈ ಅನುಮಾನ ಇನ್ನೂ ಜಾಸ್ತಿ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೆ ಅಂಥ ಮನೆಯ ಮಾತೇ ಬೇಡ.

ಕರೆಂಟಿನ ವಿಷಯದಲ್ಲಿ ಸಾಕೆಟ್ಟಿಗೆ ಮೂರು ತೂತಿದ್ದ ಮಾತ್ರಕ್ಕೆ ಹಿಂದೆ ಅರ್ಥ್ ವೈರ್ ಇದೆ ಅಂತಲ್ಲ. ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗಬೇಕು. ಕೆಲವು ಮನೆಗಳಲ್ಲಿ ಆರ್‌ಸಿಸಿಬಿಯೇ ಇರುವುದಿಲ್ಲ.

ಹೊಸ ಫ್ಲಾಟ್ ಕೊಳ್ಳುವವರಿಗೆ 2016ರ ರೇರಾ ಕಾಯ್ದೆಯ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಆಸರೆ ಇದೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ನಿಮ್ಮಿಂದ ದುಡ್ಡು ಪಡೆಯದೆ ಸರಿಮಾಡಬೇಕು. ಹಾಗಾಗಿ ಸ್ವಾಧೀನದ ದಿನವೇ ದೋಷಗಳ ಫೋಟೋ ತೆಗೆದು ಬರಹದಲ್ಲಿ ಕೊಡಿ. ಎಂಟು ಹತ್ತು ವರ್ಷದ ಫ್ಲಾಟಿಗೆ ಈ ಆಸರೆ ಇಲ್ಲ. ಅಲ್ಲಿ ಅಡ್ವಾನ್ಸ್ ಕೊಡುವ ಮುಂಚೆಯೇ ಪರೀಕ್ಷೆ ಆಗಬೇಕು, ಅದೂ ಬ್ರೋಕರ್ ಕರೆತಂದವರಿಂದಲ್ಲ. ವರದಿ ಬಂದಮೇಲೆ ರಿಪೇರಿ ಖರ್ಚನ್ನು ಬೆಲೆಯಲ್ಲಿ ಇಳಿಸಲು ಕೇಳಿ. ‘ಮುಂದೆ ಮಾಡಿಸಿಕೊಡ್ತೀವಿ’ ಅಂದರೆ, ಯಾವ ಕೆಲಸ, ಯಾವ ತಾರೀಖಿನೊಳಗೆ ಎಂಬುದನ್ನು ಅಗ್ರಿಮೆಂಟಿನಲ್ಲೇ ಬರೆಸಿ.